ನೋಡೋಕಾ, ಬಳಸೋಕಾ? ಹಳೇ ವಸ್ತು ಕೊಳ್ಳುವವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ರೇಡಿಯೋ, ರೆಕಾರ್ಡ್ ಪ್ಲೇಯರ್, ವಾಕ್‌ಮನ್, ಕ್ಯಾಮೆರಾ, ಕೈಗಡಿಯಾರ ಕೊಳ್ಳೋ ಬಗ್ಗೆಯೇ ಇವೆ. ಹಳೆಯ ಚಂದವನ್ನು ಹೊಸದಾಗಿ ಮಾಡಿ ಮಾರುವ ವಸ್ತುಗಳ ಬಗ್ಗೆಯೂ ಕೆಲವರು ಕೇಳಿದ್ದೀರಿ. ಎಲ್ಲರಿಗೂ ಮೊದಲು ಒಂದು ಮಾತು. ಜೇಬಿಗೆ ಕೈ ಹಾಕುವ ಮುಂಚೆ ತೀರ್ಮಾನ ಮಾಡಿಕೊಳ್ಳಿ, ಇದು ನಿಮಗೆ ನೋಡೋಕೆ ಬೇಕಾ, ಬಳಸೋಕೆ ಬೇಕಾ? ನೋಡೋಕೆ ಮಾತ್ರ ಆದರೆ ಕೆಟ್ಟು ನಿಂತದ್ದನ್ನೇ ಕಡಿಮೆ ದುಡ್ಡಿಗೆ ತನ್ನಿ, ಕಪಾಟಿನ ಮೇಲೆ ಅದೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಬಳಸೋಕೆ ಆದರೆ ಅದಕ್ಕೆ ಹಾಕಬೇಕಾದ ಫಿಲ್ಮ್, ಸೂಜಿ, ಬೆಲ್ಟ್, ಬ್ಯಾಟರಿ ಇವತ್ತಿಗೂ ತಯಾರಾಗುತ್ತಿದೆಯಾ ಅಂತ ಮೊದಲು ವಿಚಾರಿಸಿ. ಹೆಚ್ಚಿನ ಪತ್ರಗಳಿಗೆ ಉತ್ತರ ಇದರಲ್ಲೇ ಇದೆ.

ಪ್ರಶ್ನೆ: ಮರದ ಪೆಟ್ಟಿಗೆಯ ಹಳೇ ವಾಲ್ವ್ ರೇಡಿಯೋ (ಒಳಗೆ ಗಾಜಿನ ಬಲ್ಬಿನಂಥ ವಾಲ್ವ್‌ಗಳಿರುವಂಥದ್ದು) ಒಂದು ತುಂಬಾ ಇಷ್ಟವಾಗಿದೆ. 1950ರ ದಶಕದ್ದಂತೆ. ಮಾರುವವರು ‘ಪ್ಲಗ್ ಹಾಕಿ ನೋಡಿಲ್ಲ, ಇದ್ದ ಹಾಗೇ ಕೊಡ್ತೀನಿ’ ಅಂತಾರೆ. ಮನೆಗೆ ತಂದು ಪ್ಲಗ್ ಹಾಕಿದರೆ ಆಯ್ತಲ್ವಾ?

ದಯವಿಟ್ಟು ಹಾಗೆ ಮಾಡಬೇಡಿ. ಆ ಕಾಲದ ರೇಡಿಯೋಗಳ ಒಳಗಿರುವ, ಕರೆಂಟ್ ಹಿಡಿದಿಡುವ ಬಿಡಿಭಾಗಗಳಾದ ಕಾಗದದ ಕೆಪಾಸಿಟರ್‌ಗಳು ಮತ್ತು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಇಷ್ಟು ವರ್ಷಗಳಲ್ಲಿ ಒಣಗಿ ಕೆಟ್ಟಿರುತ್ತವೆ. ಒಮ್ಮೆಲೇ ಪೂರ್ತಿ ಕರೆಂಟ್ ಕೊಟ್ಟರೆ ಅವು ಸಿಡಿಯಬಹುದು, ಜೊತೆಗೆ ಟ್ರಾನ್ಸ್‌ಫಾರ್ಮರನ್ನೂ ಸುಟ್ಟು ಹಾಕಬಹುದು. ಕೆಪಾಸಿಟರ್ ಬದಲಾಯಿಸೋದು ಗೊತ್ತಿದ್ದವರಿಗೆ ಸುಲಭದ ಕೆಲಸ. ಅದೇ ಮಾಡೆಲ್ಲಿನ ಟ್ರಾನ್ಸ್‌ಫಾರ್ಮರ್ ಹುಡುಕೋದು ಮಾತ್ರ ತುಂಬಾ ಕಷ್ಟ. ವೈರಿನ ರಬ್ಬರ್ ಹೊದಿಕೆಯನ್ನೂ ನೋಡಿ, ಬಗ್ಗಿಸಿದರೆ ಪುಡಿಯಾಗಿ ಉದುರುವಂತಿದ್ದರೆ ಆ ವೈರ್ ಪೂರ್ತಿ ಬದಲಾಗಬೇಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಆ ಕಾಲದ ಎಷ್ಟೋ ಅಗ್ಗದ ರೇಡಿಯೋಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುತ್ತಿರಲಿಲ್ಲ. ಗೋಡೆಯ ಕರೆಂಟಿನ ಒಂದು ತಂತಿ ನೇರವಾಗಿ ಒಳಗಿನ ಲೋಹದ ಚೌಕಟ್ಟಿಗೆ ಸೇರುತ್ತಿತ್ತು. ಪ್ಲಗ್ ಉಲ್ಟಾ ಹಾಕಿದರೆ ಇಡೀ ಚೌಕಟ್ಟಿನಲ್ಲೇ ಕರೆಂಟ್ ಇರುತ್ತದೆ. ನಾಬ್ ಕಳಚಿಹೋಗಿ ಲೋಹದ ಕಡ್ಡಿ ಹೊರಗೆ ಕಾಣುವ ರೇಡಿಯೋವನ್ನು ಬರಿಗೈಯಲ್ಲಿ ತಿರುಗಿಸಬಾರದು ಅನ್ನೋದು ಇದಕ್ಕೇ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಇನ್ನೂರು ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು, ಆದ್ದರಿಂದ ಹಿಂದಿನ ಹಲಗೆ ತೆಗೆದು ಸುಮ್ನೆ ಕೈ ಹಾಕಬೇಡಿ. ವಾಲ್ವ್ ಸೆಟ್ ರಿಪೇರಿ ಗೊತ್ತಿರುವವರ ಹತ್ತಿರವೇ ಕೊಡಿ. ಅವರು ಕೆಟ್ಟ ಭಾಗ ಬದಲಿಸಿ, ಆಮೇಲೆ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಚಾಲೂ ಮಾಡುತ್ತಾರೆ.

ಬೇರೆ ದೇಶದಿಂದ ಬಂದ ಸೆಟ್ ಆದರೆ ವೋಲ್ಟೇಜ್ ನೋಡಲೇಬೇಕು. ಜಪಾನಿನದು 100 ವೋಲ್ಟ್, ಉತ್ತರ ಅಮೆರಿಕದ್ದು 120, ಪ್ರಪಂಚದ ಹೆಚ್ಚಿನ ಕಡೆ 220ರಿಂದ 240. ಎಫ್ಎಂ ಇದ್ದರೆ ಅದರ ಅಳತೆಪಟ್ಟಿಯನ್ನೂ ಓದಿ. ಜಪಾನಿನ ಹಳೇ ರೇಡಿಯೋಗಳಲ್ಲಿ ಎಫ್ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ ಇರುತ್ತದೆ, ಬೇರೆ ಕಡೆ ಸಾಮಾನ್ಯವಾಗಿ 87.5ರಿಂದ 108. ಅಂದರೆ ರೇಡಿಯೋ ಸರಿಯಾಗಿದ್ದರೂ ಹೆಚ್ಚಿನ ಸ್ಟೇಷನ್‌ಗಳು ಸಿಗೋದೇ ಇಲ್ಲ. ಕೆಲವು ದೇಶಗಳು ಹಳೇ ಪ್ರಸಾರವನ್ನೇ ನಿಲ್ಲಿಸುತ್ತಿವೆ, ನಾರ್ವೆ 2017ರಲ್ಲಿ ರಾಷ್ಟ್ರೀಯ ಎಫ್ಎಂ ವಾಹಿನಿಗಳನ್ನು ಮುಚ್ಚಿತು. ನೀವಿರುವ ಕಡೆ ಮೀಡಿಯಂ ವೇವ್‌ನಲ್ಲಿ ಇನ್ನೂ ಏನು ಬರುತ್ತದೆ ಅಂತ ತಿಳಿದುಕೊಂಡೇ ಬೆಲೆ ಮಾತಾಡಿ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ ಆದರೆ, ಪೆಟ್ಟಿಗೆಗೆ ತೂತು ಕೊರೆಯದೆ ಒಳಗಿಂದಲೇ ಒಂದು ತಂತಿ ಎಳೆದು ಫೋನಿನ ಹಾಡನ್ನು ಅದರ ಸ್ಪೀಕರಿನಲ್ಲಿ ಕೇಳುವ ಹಾಗೆ ರಿಪೇರಿಯವರು ಮಾಡಿಕೊಡಬಲ್ಲರು. ವಾಲ್ವಿನ ದನಿ ಹಾಗೇ ಉಳಿಯುತ್ತದೆ.

ಪ್ರಶ್ನೆ: ಇಷ್ಟೆಲ್ಲಾ ರಗಳೆ ಬೇಡ ಅಂತ ಹಳೇ ರೇಡಿಯೋ ಥರ ಕಾಣುವ ಹೊಸ ಬ್ಲೂಟೂತ್ ಸ್ಪೀಕರ್ ತಗೊಂಡರೆ?

ಖಂಡಿತ ತಗೊಳ್ಳಿ. ಆದರೆ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ. ಮರ ಅಂತ ಕಾಣುವುದು ಮರವಾ, ಮರದ ಚಿತ್ರ ಅಂಟಿಸಿದ ಪ್ಲಾಸ್ಟಿಕ್ಕಾ? ಡಯಲ್ ನಿಜವಾಗಿ ತಿರುಗುತ್ತಾ, ಅಥವಾ ಸ್ಟಿಕ್ಕರಾ? ಅಗಲವಾದ ಜಾಲರಿಯ ಹಿಂದೆ ಒಂದೇ ಒಂದು ಪುಟ್ಟ ಸ್ಪೀಕರ್ ಇರೋದು ಮಾಮೂಲು. ದನಿ ಜೋರಾಗಿ ಇಟ್ಟು ಮೇಲಿನ ಹಲಗೆ ಮೇಲೆ ಕೈ ಇಡಿ, ಅದು ಗರಗರ ಅಂದರೆ ಬಿಟ್ಟುಬಿಡಿ. ಒಳಗಿನ ಬ್ಯಾಟರಿ ಬದಲಾಯಿಸಲು ಬರುತ್ತಾ ಅಂತಲೂ ಕೇಳಿ. ಹಳೆಯದರ ಹಾಗೆ ಕಾಣಬೇಕಾದ ವಸ್ತು ಬ್ಯಾಟರಿ ಸತ್ತ ದಿನ ಕಸಕ್ಕೆ ಹೋಗುವುದು ನನಗಂತೂ ತೀರಾ ಬೇಸರದ ವಿಷಯ.

ಪ್ರಶ್ನೆ: ಮಗಳಿಗೆ ಹುಟ್ಟುಹಬ್ಬಕ್ಕೆ ಸೂಟ್‌ಕೇಸ್ ಥರದ ರೆಕಾರ್ಡ್ ಪ್ಲೇಯರ್ ಕೊಡಬೇಕು ಅಂತಿದ್ದೇನೆ. ಅದು ರೆಕಾರ್ಡ್‌ಗಳನ್ನು ಹಾಳು ಮಾಡುತ್ತೆ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಮನೆಯಲ್ಲಿ ಅಜ್ಜನ ಕಾಲದ ಗಟ್ಟಿ ಕಪ್ಪು ತಟ್ಟೆಗಳೂ ಇವೆ, ಅವನ್ನೂ ಹಾಕಬಹುದಾ?

ಗೆಳೆಯರ ಮಾತಿನಲ್ಲಿ ಸತ್ಯ ಇದೆ. ರೆಕಾರ್ಡಿನ ಗೆರೆಯ ಮೇಲೆ ಸೂಜಿ ಎಷ್ಟು ಭಾರ ಬಿಡುತ್ತದೆ ಅನ್ನೋದೇ ಇಲ್ಲಿ ಲೆಕ್ಕ. ಒಳ್ಳೆಯ ಪ್ಲೇಯರಿನಲ್ಲಿ ಅದು 2 ಗ್ರಾಂ ಆಸುಪಾಸು, ಸೂಜಿ ಹಿಡಿದ ತೋಳಿನ ಹಿಂಭಾಗದ ತೂಕ ತಿರುಗಿಸಿ ಹೊಂದಿಸಿಕೊಳ್ಳಬಹುದು. ಅಗ್ಗದ ಸೂಟ್‌ಕೇಸ್ ಪ್ಲೇಯರುಗಳ ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಕೂರುವ ತಲೆ) 5 ಗ್ರಾಂ ಆಸುಪಾಸು ಕೇಳುತ್ತದೆ, ಹೊಂದಿಸಲು ದಾರಿಯೇ ಇರುವುದಿಲ್ಲ. ಒಂದೆರಡು ಸಲ ಹಾಕಿದರೆ ತಟ್ಟೆ ಹಾಳಾಗುವುದಿಲ್ಲ. ಆದರೆ ಸವೆದ ಸೂಜಿಯಲ್ಲೇ ವರ್ಷಗಟ್ಟಲೆ ಹಾಕಿದರೆ ಗೆರೆ ಸವೆಯುತ್ತದೆ, ಆ ಸವೆತ ಮತ್ತೆ ಸರಿಯಾಗುವುದಿಲ್ಲ. ಮಗಳಿಗೆ ಕುತೂಹಲ ಇದೆಯಾ ಅಂತ ನೋಡೋದಕ್ಕೆ ಮಾತ್ರ ಆದರೆ ಸೂಟ್‌ಕೇಸ್ ಸಾಕು, ಅಪರೂಪದ ತಟ್ಟೆಗಳನ್ನು ಅದರ ಹತ್ತಿರ ತರಬೇಡಿ. ಅವಳು ನಿಜವಾಗಿ ಕೇಳುವವಳಾದರೆ ಸೂಜಿಯ ಭಾರ ಹೊಂದಿಸಲು ಬರುವ, ಸೂಜಿ ಬದಲಿಸಲು ಬರುವ ಸಾದಾ ಪ್ಲೇಯರ್ ಕೊಡಿಸಿ. ಅದಕ್ಕೆ ಫೋನೋ ಪ್ರೀಆಂಪ್ (ಸಿಗ್ನಲ್ ದೊಡ್ಡದು ಮಾಡುವ ಭಾಗ) ಒಳಗೇ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಬೇರೆ ಕೊಳ್ಳಬೇಕು, ಯಾಕೆಂದರೆ ಅಂಥ ಪ್ಲೇಯರಿನ ಕಾರ್ಟ್ರಿಜ್ಜಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು.

ಅಜ್ಜನ ಕಾಲದ ಗಟ್ಟಿ ತಟ್ಟೆಗಳು ಬಹುಶಃ ಅರಗಿನವು, ನಿಮಿಷಕ್ಕೆ 78 ಸುತ್ತು ತಿರುಗುವಂಥವು. 33⅓ ಸುತ್ತಿನ ಎಲ್‌ಪಿ ಬಂದದ್ದು 1948ರಲ್ಲಿ, 45ರದ್ದು 1949ರಲ್ಲಿ. 78ರ ಗೆರೆ ತುಂಬಾ ಅಗಲ. ಅದಕ್ಕೆ ಸುಮಾರು 75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಅಂದರೆ ಒಂದು ಮೈಕ್ರಾನ್) ತುದಿಯ ಸೂಜಿ ಬೇಕು, ಎಲ್‌ಪಿಯ ಸಾದಾ ಸೂಜಿ 18 ಮೈಕ್ರಾನ್ ಆಸುಪಾಸು. ಪ್ಲೇಯರಿನ ಮೇಲೆ 78 ಅಂತ ಬರೆದಿದೆ ಅಂದಮಾತ್ರಕ್ಕೆ ಸರಿಯಾದ ಸೂಜಿ ಜೊತೆಗಿದೆ ಅಂತ ಅಲ್ಲ. ಎಲ್‌ಪಿಯ ಸೂಜಿ ಆ ಅಗಲದ ಗೆರೆಯ ತಳದಲ್ಲಿ ಅಲೆದಾಡುತ್ತದೆ, ಬರೀ ಗರಗರ ಕೇಳಿಸುತ್ತದೆ. ಎರಡಕ್ಕೂ ಬೇರೆ ಬೇರೆ ಸೂಜಿ ಇಟ್ಟುಕೊಳ್ಳಿ. ಇನ್ನೊಂದು ಮಾತು, ಅರಗಿನ ತಟ್ಟೆಯನ್ನು ಆಲ್ಕೋಹಾಲ್ ಇರುವ ದ್ರಾವಣದಿಂದ ಒರೆಸಬೇಡಿ, ಅರಗು ಕರಗುತ್ತದೆ.

ಹಳೇ ಎಲ್‌ಪಿ ಕೊಳ್ಳುವಾಗ ದರ್ಜೆಯ ಮಾತುಗಳಿಂದ ಮೋಸ ಹೋಗಬೇಡಿ. ಆ ವ್ಯಾಪಾರದಲ್ಲಿ ‘ಗುಡ್’ ಅಂದರೆ ಗೀರು ಬಿದ್ದು, ಉದ್ದಕ್ಕೂ ಸದ್ದು ಮಾಡುವ ತಟ್ಟೆ. ಕೇಳಲು ಕೊಳ್ಳುವುದಾದರೆ ‘ವೆರಿ ಗುಡ್ ಪ್ಲಸ್’ಗಿಂತ ಕೆಳಗೆ ಇಳಿಯಬೇಡಿ.

ಪ್ರಶ್ನೆ: ಹಳೇ ವಾಕ್‌ಮನ್ ಒಳ್ಳೆಯದಾ, ಈಗ ಬರುತ್ತಿರುವ ಹೊಸ ಕ್ಯಾಸೆಟ್ ಪ್ಲೇಯರಾ?

ದನಿ ಮುಖ್ಯ ಅಂದರೆ ರಿಪೇರಿ ಮಾಡಿಟ್ಟ ಹಳೆಯದು. ಕ್ಯಾಸೆಟ್ಟನ್ನು ಫಿಲಿಪ್ಸ್ ಹೊರತಂದದ್ದು 1963ರಲ್ಲಿ, ಸೋನಿಯ ಮೊದಲ ವಾಕ್‌ಮನ್ ಬಂದದ್ದು 1979ರಲ್ಲಿ. ಅಲ್ಲಿಂದ ಮುಂದಿನ ವರ್ಷಗಳಲ್ಲಿ ಟೇಪ್ ಎಳೆಯುವ ಯಂತ್ರವನ್ನು ಅದ್ಭುತವಾಗಿ ತಿದ್ದಿದರು, ಟೇಪಿನ ಸುಯ್‌ಗುಡುವ ಸದ್ದು ತಗ್ಗಿಸುವ ಡಾಲ್ಬಿ ಸೇರಿಸಿದರು. ಈಗಿನ ಅಗ್ಗದ ಪ್ಲೇಯರುಗಳಲ್ಲಿ ಹೆಚ್ಚಿನವು, ಹೊರಗೆ ಯಾವ ಹೆಸರೇ ಇರಲಿ, ಒಳಗೆ ಒಂದೇ ಥರದ ಸಾದಾ ಯಂತ್ರ ಇಟ್ಟುಕೊಂಡಿವೆ. ಹೊಸದರಲ್ಲಿ ಡಾಲ್ಬಿ ಸಿಗುವುದಿಲ್ಲ, ಹಾಡಿನ ವೇಗ ಅಲ್ಲಾಡುತ್ತದೆ. ಸ್ವಲ್ಪ ಜಾಸ್ತಿ ದುಡ್ಡಿನ, ಭಾರದ ಚಕ್ರ ಹಾಕಿದ ಕೆಲವು ಹೊಸ ಪ್ಲೇಯರುಗಳು ಪರವಾಗಿಲ್ಲ.

ಹಳೆಯದನ್ನು ಕೊಳ್ಳುವಾಗ ‘ಮೋಟರ್ ಸದ್ದು ಬರುತ್ತೆ, ಟೇಪ್ ತಿರುಗಲ್ಲ’ ಅಂದರೆ ಹೆಚ್ಚಾಗಿ ಬೆಲ್ಟ್ ಹೋಗಿರುತ್ತದೆ. ಹಳೇ ರಬ್ಬರ್ ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿರುತ್ತದೆ, ಅದನ್ನು ಆಲ್ಕೋಹಾಲಿನಿಂದ ಒರೆಸಿ ತೆಗೆದು ಹೊಸದು ಹಾಕಬಹುದು. ಒಡೆದ ಹಲ್ಲುಚಕ್ರ ಮಾತ್ರ ಸಿಗೋದು ಕಷ್ಟ, ಅಂಥದ್ದನ್ನು ಬಿಡಿ. ಬ್ಯಾಟರಿ ಗೂಡಿನ ಮುಚ್ಚಳ ಇದೆಯಾ, ಒಳಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಕ್ಯಾಸೆಟ್ ಕೊಳ್ಳುವಾಗ ಟೇಪಿನ ಹಿಂದಿರುವ ಪುಟ್ಟ ಮೆತ್ತೆ ಉದುರಿದೆಯಾ ನೋಡಿ. ನಾಲ್ಕು ಮೂಲೆಗೆ ಸ್ಕ್ರೂ ಇರುವ ಕ್ಯಾಸೆಟ್ಟನ್ನು ಬಿಚ್ಚಿ ಸರಿಮಾಡಬಹುದು, ಅಂಟು ಹಾಕಿ ಮುಚ್ಚಿದ್ದು ಬಿಚ್ಚಿದರೆ ಒಡೆಯುತ್ತದೆ.

ಪ್ರಶ್ನೆ: ತೆಗೆದ ಕೂಡಲೇ ಚಿತ್ರ ಕೈಗೆ ಕೊಡುವ ಪೋಲರಾಯ್ಡ್ ಕ್ಯಾಮೆರಾ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಹಾಗೇ 2000ದ ದಶಕದ ಪುಟ್ಟ ಡಿಜಿಟಲ್ ಕ್ಯಾಮೆರಾಗಳೂ ಈಗ ಫ್ಯಾಷನ್ ಅಂತೆ. ಯಾವುದು ತರಲಿ?

ಪೋಲರಾಯ್ಡ್ ಆದರೆ ಮೊದಲು ಅದು ಯಾವ ಫಿಲ್ಮ್ ತಿನ್ನುತ್ತದೆ ಅಂತ ಕೇಳಿ. ಕಂಪನಿ 2008ರಲ್ಲಿ ಫಿಲ್ಮ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ, ನೆದರ್ಲೆಂಡ್ಸಿನ ಎನ್‌ಸ್ಕೆಡೆಯಲ್ಲಿದ್ದ ಕಾರ್ಖಾನೆಯ ಯಂತ್ರಗಳನ್ನು ಕೆಲವರು ಸೇರಿ ಕೊಂಡು, ಇಂಪಾಸಿಬಲ್ ಪ್ರಾಜೆಕ್ಟ್ ಅನ್ನೋ ಹೆಸರಲ್ಲಿ ಫಿಲ್ಮನ್ನು ಮತ್ತೆ ಹೊಸದಾಗಿ ಕಂಡುಹಿಡಿದರು. ಹಳೇ ರಾಸಾಯನಿಕಗಳು ಸಿಗದೇ ಇದ್ದಾಗ ಹೊಸದಾಗಿ ಸೂತ್ರ ಬರೆದ ಆ ಜನರ ಹಟ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವರಿಂದಲೇ ಇವತ್ತು ಹಳೇ ಪೋಲರಾಯ್ಡ್‌ಗಳು ಕೇಳುವ ಎಸ್ಎಕ್ಸ್-70 ಮತ್ತು 600 ಅನ್ನೋ ಎರಡು ಮಾದರಿಯ ಫಿಲ್ಮ್ ಅಂಗಡಿಯಲ್ಲಿ ಸಿಗುತ್ತಿದೆ. ಒಂದು ಪ್ಯಾಕಿಗೆ ಎಂಟೇ ಚಿತ್ರ, ಆದ್ದರಿಂದ ಕ್ಯಾಮೆರಾಕ್ಕಿಂತ ಫಿಲ್ಮಿನ ಖರ್ಚೇ ಜಾಸ್ತಿ ಆಗುತ್ತದೆ. ಈ ಎರಡೂ ಪ್ಯಾಕ್‌ಗಳ ಒಳಗೇ ಬ್ಯಾಟರಿ ಇರುತ್ತದೆ. ಐ-ಟೈಪ್ ಅನ್ನೋ ಫಿಲ್ಮಿನಲ್ಲಿ ಬ್ಯಾಟರಿ ಇಲ್ಲ, ಅದನ್ನು ಹಳೇ ಕ್ಯಾಮೆರಾಕ್ಕೆ ತಂದರೆ ಕ್ಯಾಮೆರಾ ಓಡುವುದೇ ಇಲ್ಲ. ಇನ್ನು ಚಿತ್ರವನ್ನು ಎಳೆದು ಸುಲಿಯುವ ಮಾದರಿಯ ಹಳೇ ಕ್ಯಾಮೆರಾಗಳು, ಅವಕ್ಕೆ ಹೊಂದುತ್ತಿದ್ದ ಫಿಲ್ಮನ್ನು ಫ್ಯೂಜಿಫಿಲ್ಮ್ 2016ರಲ್ಲಿ ನಿಲ್ಲಿಸಿತು. ನಿಮಗೆ ಕಡಿಮೆ ಬೆಲೆಗೆ ಸಿಗುತ್ತಿರುವುದು ಇಂಥದ್ದೇ ಇರಬಹುದು, ವಿಚಾರಿಸಿ.

ಪುಟ್ಟ ಡಿಜಿಟಲ್ ಕ್ಯಾಮೆರಾಗಳಲ್ಲಿ ತೊಡಕು ಮೆಮೊರಿ ಕಾರ್ಡಿನದು. ಎಸ್‌ಡಿ ಕಾರ್ಡ್ ಹಾಕುವಂಥದ್ದಾದರೆ ನಿಶ್ಚಿಂತೆ, ಆದರೂ ತೀರಾ ಹಳೆಯದಕ್ಕೆ 2 ಜಿಬಿಗಿಂತ ದೊಡ್ಡ ಕಾರ್ಡ್ ಹಿಡಿಸದೇ ಹೋಗಬಹುದು. ಎಕ್ಸ್‌ಡಿ, ಸ್ಮಾರ್ಟ್‌ಮೀಡಿಯಾ ಕಾರ್ಡ್ ಕೇಳುವ ಕ್ಯಾಮೆರಾಗಳಿಗೆ ಈಗ ಕಾರ್ಡ್ ತಯಾರಾಗುವುದಿಲ್ಲ. ಕ್ಯಾಮೆರಾದ ಜೊತೆಗೇ ಕಾರ್ಡ್, ಚಾರ್ಜರ್, ಬ್ಯಾಟರಿ ಕೊಡದವರ ಹತ್ತಿರ ಕೊಳ್ಳಬೇಡಿ. ಎಎ ಸೆಲ್ ಹಾಕುವ ಮಾದರಿ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ: ಹಳೇ ಕೈಗಡಿಯಾರದ ಅಂಕಿಗಳ ಮೇಲೆ ಕಂದು ಬಣ್ಣದ ಬಳಿತ ಇದೆ. ಕತ್ತಲಲ್ಲಿ ಹೊಳೆಯುವುದಿಲ್ಲ. ಕೆರೆದು ಹೊಸದಾಗಿ ಬಳಿಯಬಹುದಾ?

ಬೇಡ, ಮುಟ್ಟಲೇಬೇಡಿ. 1960ರ ದಶಕಕ್ಕಿಂತ ಹಿಂದಿನ ಗಡಿಯಾರವಾದರೆ ಅದು ವಿಕಿರಣ ಸೂಸುವ ರೇಡಿಯಂ ಇರಬಹುದು. ಹೊಳಪು ಹೋಗಿರುವುದು ರೇಡಿಯಂ ಜೊತೆ ಬೆರೆಸಿದ್ದ ಸತುವಿನ ಸಲ್ಫೈಡ್ ಸವೆದಿರುವುದರಿಂದ. ರೇಡಿಯಂ ಅರ್ಧದಷ್ಟು ಕರಗಲು 1600 ವರ್ಷ ಬೇಕು, ಅಂದರೆ ಅದು ಹೆಚ್ಚುಕಡಿಮೆ ಬಳಿದ ದಿನದಷ್ಟೇ ಬಲವಾಗಿ ಇವತ್ತೂ ಅಲ್ಲಿದೆ. ಗಾಜು ಮುಚ್ಚಿರುವವರೆಗೆ ಅಪಾಯ ಕಡಿಮೆ, ಕೆರೆದ ಪುಡಿ ಉಸಿರಿನ ಜೊತೆ ಒಳಗೆ ಹೋದರೆ ದೊಡ್ಡ ಅಪಾಯ. 1920ರ ದಶಕದಲ್ಲಿ ಅಮೆರಿಕದ ಗಡಿಯಾರ ಕಾರ್ಖಾನೆಗಳಲ್ಲಿ ಕುಂಚವನ್ನು ತುಟಿಯಿಂದ ಚೂಪು ಮಾಡುತ್ತಾ ಈ ಬಣ್ಣ ಬಳಿದ ಹೆಣ್ಣುಮಕ್ಕಳಲ್ಲಿ ಹಲವರು ದವಡೆ ಕೊಳೆತು ಸತ್ತರು. ರೇಡಿಯಂ ಕೆಲಸ ಗೊತ್ತಿರುವ ಗಡಿಯಾರದವರು ಬಿಟ್ಟು ಬೇರೆ ಯಾರೂ ಇದನ್ನು ಬಿಚ್ಚಬಾರದು. ಮಲಗುವ ತಲೆದಿಂಬಿನ ಹತ್ತಿರ, ಮಕ್ಕಳ ಕೈಗೆ ಸಿಗುವ ಕಡೆ ಇಡಬೇಡಿ. ಡಯಲ್ಲಿನ ಕೆಳಗೆ ‘ಸ್ವಿಸ್’ ಪದದ ಎರಡೂ ಪಕ್ಕ ‘ಟಿ’ ಅಕ್ಷರ ಇದ್ದರೆ ಅದು ಟ್ರಿಟಿಯಂ, ಇಂಥದ್ದೇ ಇನ್ನೊಂದು ವಿಕಿರಣ ವಸ್ತು. ಅದು ಅರ್ಧದಷ್ಟು ಕರಗಲು 12.3 ವರ್ಷ ಸಾಕು, ಆದ್ದರಿಂದ ಈಗ ಬಹುಪಾಲು ಆರಿಹೋಗಿರುತ್ತದೆ. ಆ ಕಾಲದ ಡಯಲ್ ಇವತ್ತು ಜೋರಾಗಿ ಹೊಳೆದರೆ ಯಾರೋ ಮತ್ತೆ ಬಣ್ಣ ಬಳಿದಿದ್ದಾರೆ ಅಂತ ಅರ್ಥ, ಬೆಲೆ ಇಳಿಸಿ ಕೇಳಿ.

ಪ್ರಶ್ನೆ: ಹಳೇ ಗೇಮ್ ಕನ್ಸೋಲಿನ ಪ್ಲಾಸ್ಟಿಕ್ ಹಳದಿಯಾಗಿದೆ. ಬಿಳಿ ಮಾಡಬಹುದಾ?

ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೋ ಯುವಿ ದೀಪಕ್ಕೋ ಇಟ್ಟರೆ ಬಿಳಿಯಾಗುತ್ತದೆ. ಒಂದೇ ಸಮ ಹಚ್ಚದಿದ್ದರೆ ಪಟ್ಟೆಪಟ್ಟೆ ಬೀಳುತ್ತದೆ, ಕೆಲವು ವರ್ಷಕ್ಕೆ ಹಳದಿ ಮತ್ತೆ ಬರುವುದೂ ಉಂಟು. ನಾನಾದರೆ ಹಳದಿಯನ್ನು ಹಾಗೇ ಬಿಡುತ್ತೇನೆ.

ಪ್ರಶ್ನೆ: ನಿಂಟೆಂಡೋ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ಗೆ ಹಾಕುವ ಆಟದ ಕಾರ್ಟ್ರಿಜ್‌ಗಳಲ್ಲಿ ನಕಲಿ ಜಾಸ್ತಿ ಅಂತಾರೆ. ಹೇಗೆ ಗುರುತಿಸೋದು?

ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಜ್ ಆದರೆ ಕೆಳಗಿನ ತೆರಪಿನಲ್ಲಿ, ಚಿನ್ನದ ಬಣ್ಣದ ಪಟ್ಟಿಗಳ ಸ್ವಲ್ಪ ಮೇಲೆ, ಒಳಗಿನ ಬೋರ್ಡಿನ ಮೇಲೆ ನಿಂಟೆಂಡೋ ಹೆಸರು ಅಚ್ಚಾಗಿರುವುದು ಕಾಣಬೇಕು. ಅಸಲಿ ಲೇಬಲ್ಲಿನ ಮೇಲೆ ಎರಡಂಕಿಯ ಒಂದು ಸಂಖ್ಯೆ ಒತ್ತಿದ ಗುರುತು ಇರುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದರೆ ತೋರುತ್ತದೆ. ಹಿಂದಿನ ಸ್ಕ್ರೂ ಸಾಮಾನ್ಯ ಪ್ಲಸ್ ಆಕಾರದ್ದಾಗಿದ್ದರೆ ಅನುಮಾನ ಪಡಿ. 1989ರ ಮೊದಲ ಗೇಮ್ ಬಾಯ್ ಕಾಲದ ಹಲವು ಕಾರ್ಟ್ರಿಜ್‌ಗಳಲ್ಲಿ ಆಟ ಉಳಿಸಿಡಲು ಒಳಗೆ ಪುಟ್ಟ ಬ್ಯಾಟರಿ ಬೆಸುಗೆ ಹಾಕಿರುತ್ತಾರೆ. ಅದು ಸತ್ತಿದ್ದರೆ ಆಟ ಆಡಬಹುದು, ಉಳಿಸಲಾಗುವುದಿಲ್ಲ. ಬ್ಯಾಟರಿ ಬದಲಿಸುವಾಗ ಹಳೆಯದಾಗಿ ಉಳಿದಿರುವ ಆಟ ಅಳಿಸಿಹೋಗುತ್ತದೆ ಅನ್ನೋದು ಮೊದಲೇ ಗೊತ್ತಿರಲಿ.

ಪ್ರಶ್ನೆ: ಹಳೇ ಕಾಲದ ವಿನ್ಯಾಸ ಇಷ್ಟಪಡುವ ಗೆಳೆಯನಿಗೆ ಉಡುಗೊರೆ ಕೊಡಬೇಕು. ರಿಪೇರಿ ತಲೆನೋವು ಇರಬಾರದು, ನಕಲು ಅಂತಲೂ ಅನ್ನಿಸಬಾರದು.

ಹಾಗಾದರೆ ತಯಾರಿಕೆ ನಿಲ್ಲದೇ ಬಂದಿರುವ ವಸ್ತು ಹುಡುಕಿ, ಇದು ನನಗೆ ತುಂಬಾ ಪ್ರೀತಿಯ ದಾರಿ. ಕ್ಯಾಸಿಯೋ ಎಫ್-91ಡಬ್ಲ್ಯೂ ಕೈಗಡಿಯಾರ 1989ರಲ್ಲಿ ಬಂತು, ಈಗಲೂ ಹಾಗೇ ಬರುತ್ತಿದೆ. ನಕಲಿಯೂ ಬರುತ್ತಿದೆ, ಆದ್ದರಿಂದ ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿದು ನೋಡಿ, ಅಸಲಿಯಾದರೆ ಪರದೆ ಮೇಲೆ ಕಂಪನಿಯ ಹೆಸರು ಮೂಡುತ್ತದೆ. ಬರೆಯುವವರಾದರೆ 1966ರಿಂದ ಬರುತ್ತಿರುವ ಲ್ಯಾಮಿ 2000 ಪೆನ್ನು. ಮೇಜಿಗೆ ದೀಪ ಬೇಕಾದರೆ ಆಂಗಲ್‌ಪಾಯ್ಸ್, ಜಾರ್ಜ್ ಕಾರ್ವರ್ಡೈನ್ ಎಂಬ ಎಂಜಿನಿಯರ್ 1930ರ ದಶಕದ ಆರಂಭದಲ್ಲಿ ಸ್ಪ್ರಿಂಗ್‌ಗಳ ಲೆಕ್ಕ ಹಾಕಿ ಮಾಡಿದ್ದು, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಇಂಥವನ್ನು ಗೆಳೆಯ ನಿತ್ಯ ಬಳಸಬಹುದು, ಕೆಟ್ಟರೆ ಬಿಡಿಭಾಗವೂ ಸಿಗುತ್ತದೆ.

ಪ್ರಶ್ನೆ: ಪೆಟ್ಟಿಗೆ ಬಿಚ್ಚದ ಹಳೇ ಆಟಿಕೆಗಳನ್ನು ಕೂಡಿಟ್ಟರೆ ಮುಂದೆ ದುಡ್ಡಾಗುತ್ತಾ?

ದುಡ್ಡಿಗಾಗಿ ಮಾತ್ರ ಆದರೆ ಬೇಡ ಅಂತೀನಿ. ಇವತ್ತು ದುಬಾರಿಯಾಗಿರುವ ಹಳೇ ಆಟಿಕೆಗಳು ದುಬಾರಿಯಾದದ್ದು ಆಗ ಯಾರೂ ಅವನ್ನು ಕೂಡಿಡಲಿಲ್ಲ ಅನ್ನೋ ಕಾರಣಕ್ಕೆ. ಮಕ್ಕಳು ಆಡಿದರು, ಮುರಿದರು, ಉಳಿದದ್ದು ಕೆಲವೇ. 1990ರ ದಶಕದ ಕೊನೆಗೆ ಬೀನಿ ಬೇಬೀಸ್ ಗೊಂಬೆಗಳನ್ನು ಜನ ಲಾಭಕ್ಕೆ ಅಂತಲೇ ಟ್ಯಾಗ್ ಸಮೇತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟರು. ಎಲ್ಲರೂ ಇಟ್ಟಿದ್ದರಿಂದ ಕೊಳ್ಳುವವರೇ ಇಲ್ಲದೆ ಬೆಲೆ ಬಿದ್ದುಹೋಯಿತು. ‘ಲಿಮಿಟೆಡ್ ಎಡಿಷನ್’ ಅಂತ ಬರೆದು ಮಾರುವ ಹೊಸ ಆಟಿಕೆಗೂ ಇದೇ ಮಾತು. ಎಷ್ಟು ತಯಾರಿಸಿದ್ದೇವೆ ಅಂತ ಸಂಖ್ಯೆ ಹೇಳದಿದ್ದರೆ ಆ ಬರಹಕ್ಕೆ ಏನೂ ಬೆಲೆ ಇಲ್ಲ.

ಪ್ರಶ್ನೆ: ಅಂಗಡಿಗೆ ಹೋಗಲು ಆಗುವುದಿಲ್ಲ, ಫೋಟೋ ನೋಡಿ ಆನ್‌ಲೈನಲ್ಲೇ ಕೊಳ್ಳಬೇಕು. ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಒಂದರ ಮೇಲೆ ಕಣ್ಣಿದೆ. ಏನು ಕೇಳಬೇಕು?

ಫೋಟೋ ಬೇಡ, ಓಡುತ್ತಿರುವ ವಿಡಿಯೋ ಕೇಳಿ, ಸದ್ದಿನ ಸಮೇತ. ‘ಪರೀಕ್ಷೆ ಮಾಡಿಲ್ಲ’ ಅಂದರೆ ಕೆಟ್ಟಿದೆ ಅಂತಲೇ ಇಟ್ಟುಕೊಂಡು ಬೆಲೆ ಹೇಳಿ. ಹಿಂದಿನ ಲೇಬಲ್ಲಿನ ಫೋಟೋದಲ್ಲಿ ವೋಲ್ಟೇಜ್ ಜೊತೆಗೆ 50 ಹರ್ಟ್ಸಾ, 60 ಹರ್ಟ್ಸಾ ಅಂತ ಓದಿ. ಕರೆಂಟಿನ ಹರ್ಟ್ಸಿಗೆ ತಕ್ಕಂತೆ ತಿರುಗುವ ಹಳೇ ಮೋಟರುಗಳಿವೆ. 60 ಹರ್ಟ್ಸಿನದನ್ನು 50 ಹರ್ಟ್ಸಿನ ಕಡೆ ಹಾಕಿದರೆ 33⅓ರ ಬದಲು 28 ಸುತ್ತಿಗೂ ಕಡಿಮೆ ತಿರುಗುತ್ತದೆ, ಹಾಡುವವರ ದನಿ ದಪ್ಪಗಾಗುತ್ತದೆ. ಹಳೇ ವಿದ್ಯುತ್ ಗಡಿಯಾರವಾದರೆ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ವೋಲ್ಟೇಜ್ ಬದಲಿಸುವ ಪೆಟ್ಟಿಗೆ ಇಟ್ಟರೂ ಇದು ಸರಿಯಾಗುವುದಿಲ್ಲ.

ಇನ್ನು ಪ್ಯಾಕಿಂಗ್. ಹಳೇ ಟರ್ನ್‌ಟೇಬಲ್‌ಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ರೆಕಾರ್ಡ್ ಕೂರುವ ಮೇಲಿನ ಭಾರದ ತಟ್ಟೆ ಬಿಡಿಸಿ ಬೇರೆ ಸುತ್ತಬೇಕು, ತೋಳಿನ ಹಿಂದಿನ ತೂಕ ಬಿಚ್ಚಬೇಕು, ತೋಳನ್ನು ಅದರ ಗೂಟಕ್ಕೆ ಕಟ್ಟಬೇಕು, ಸೂಜಿಯ ತಲೆ ತೆಗೆದು ಬೇರೆ ಡಬ್ಬಿಯಲ್ಲಿ ಇಡಬೇಕು. ಆಮೇಲೆ ಒಂದು ಪೆಟ್ಟಿಗೆಯೊಳಗೆ ಇಟ್ಟು, ಅದನ್ನು ಇನ್ನೂ ದೊಡ್ಡ ಪೆಟ್ಟಿಗೆಯಲ್ಲಿ ಸುತ್ತಲೂ ಮೆತ್ತೆ ತುಂಬಿ ಇಡಬೇಕು. ದುಡ್ಡು ಕಳಿಸುವ ಮೊದಲೇ ಇದನ್ನೆಲ್ಲಾ ಬರೆದು ಕಳಿಸಿ, ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಇಷ್ಟು ಮಾಡಲು ಒಪ್ಪದವರಿಂದ ತರಿಸಬೇಡಿ, ಅದೇ ಮಾಡೆಲ್ ಇನ್ನೊಬ್ಬರ ಹತ್ತಿರ ಬರುವವರೆಗೆ ಕಾಯಿರಿ.